ಅರಮನೆಯ ವೇಷದ ಗಿರಣಿ

ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ, ಬ್ರಾಡ್‌ಫರ್ಡ್ ನಗರದಿಂದ ಕೆಲವೇ ಮೈಲಿ ದೂರದ ಸಾಲ್ಟೇರ್ ಎಂಬ ಊರಲ್ಲಿ ಲೀಡ್ಸ್–ಲಿವರ್‌ಪೂಲ್ ಕಾಲುವೆ ಎರಡು ಗಿರಣಿಗಳ ನಡುವೆ ಹಾದುಹೋಗುತ್ತದೆ. ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆದ ದಂಡೆಯ ಹಾದಿಯಲ್ಲಿ ನಿಂತರೆ ಎರಡೂ ಬದಿಗೆ ಮರಳುಗಲ್ಲಿನ ಎತ್ತರದ ಗೋಡೆಗಳು, ಸಾಲುಸಾಲು ಕಿಟಕಿಗಳು, ಕೆಳಗೆ ಅವುಗಳ ನೆರಳು ಹೊತ್ತ ಮಂದ ನೀರು. ನದಿಯ ಕಡೆಗಿರುವ 1868ರ ಹೊಸ ಗಿರಣಿಯ ಮೇಲೆ ಗಂಟೆಗೋಪುರದಂಥದ್ದೊಂದು ಎದ್ದು ನಿಂತಿದೆ. ವೆನಿಸ್ಸಿನ ಫ್ರಾರಿ ಚರ್ಚಿನ ಗೋಪುರವೇ ಅದರ ಮಾದರಿ. ಆದರೆ ಅದರೊಳಗೆ ಗಂಟೆಯಿರಲಿಲ್ಲ, ಹೊಗೆಯಿತ್ತು. ಅದು ಚಿಮಣಿ.

ಇಲ್ಲಿ ಚೆಂದಕ್ಕೆಂದು ಕಾಣುವುದಕ್ಕೆಲ್ಲ ಒಂದೊಂದು ಕೆಲಸವಿತ್ತು. ಕಾಲುವೆಯ ಈಚೆ ದಡದ ಮುಖ್ಯ ಗಿರಣಿಯ ದಕ್ಷಿಣ ಮುಖ 545 ಅಡಿ ಉದ್ದ. ರೈಲಿನಲ್ಲಿ ಹೋಗುವವರಿಗೆ ಇಟಲಿಯ ಯಾವುದೋ ಅರಮನೆ ಎನಿಸಬೇಕು, ಹಾಗಿದೆ. ನಡುವಿನ ಜೋಡಿ ಗೋಪುರಗಳ ಬುಡದಲ್ಲಿದ್ದದ್ದು ಉಗಿಯಂತ್ರಗಳ ಕೋಣೆ. ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳು ಕಟ್ಟಡಕ್ಕೆ ಮುಖ ಕೊಟ್ಟರೆ, ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್ ಅದಕ್ಕೆ ಎಲುಬು ಕೊಟ್ಟ. ಉಣ್ಣೆಯ ಎಣ್ಣೆ ಕುಡಿದ ಮರದ ಅಟ್ಟಗಳಿಗೆ ಒಂದು ಕಿಡಿ ಸಾಕಿದ್ದ ಕಾಲವದು. ಅದಕ್ಕೇ ಇಲ್ಲಿ ಎರಕದ ಕಬ್ಬಿಣದ ಕಂಬಗಳ ಮೇಲೆ ಇಟ್ಟಿಗೆಯ ಕಮಾನುಗಳನ್ನು ಹೂಡಿದರು. ಕಿವಿಗಡಚಿಕ್ಕುವ ಸದ್ದೂ ಧೂಳೂ ತಗ್ಗಲೆಂದು ಯಂತ್ರ ತಿರುಗಿಸುವ ಶಾಫ್ಟುಗಳನ್ನು ಆದಷ್ಟೂ ನೆಲದಡಿಗೆ ಇಳಿಸಿದರು. ಚಾವಣಿಯ ಮಳೆನೀರು ತೊಟ್ಟಿಗಿಳಿದು ಉಣ್ಣೆ ತೊಳೆಯಲು ಒದಗುತ್ತಿತ್ತು.

ಇದನ್ನೆಲ್ಲ ಕಟ್ಟಿಸಿದವನು ಟೈಟಸ್ ಸಾಲ್ಟ್. 1836ರಲ್ಲಿ ಲಿವರ್‌ಪೂಲಿನ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಪೆರುವಿನ ಅಲ್ಪಾಕಾ ತುಪ್ಪಳದ ಮೂಟೆಗಳು ಅವನ ಕಣ್ಣಿಗೆ ಬಿದ್ದವು. ಹತ್ತಿಯ ಹಾಸುನೂಲಿಗೆ ಅಲ್ಪಾಕಾ ಹೊಕ್ಕುನೂಲು ಕೊಟ್ಟು ನೇಯಿಸಿದಾಗ ರೇಷ್ಮೆಯ ಮಿರುಗಿನ ಬಟ್ಟೆ ಬಂತು. ಹೆಂಗಸರ ಉಡುಪಿಗೆ ಅದೇ ಫ್ಯಾಷನ್ನಾಯಿತು, ಸಾಲ್ಟ್ ಸಿರಿವಂತನಾದ. ಅತ್ತ ಬ್ರಾಡ್‌ಫರ್ಡ್ ಗಿರಣಿಗಳ ಹೊಗೆಯಲ್ಲಿ ಉಸಿರು ಕಟ್ಟುತ್ತಿತ್ತು. 1849ರಲ್ಲಿ ಕಾಲರಾ ಬಂದು ಊರು ತತ್ತರಿಸಿತು. ಅದೇ ಹೊತ್ತಿಗೆ ನಗರದ ಮೇಯರ್ ಆಗಿದ್ದವನು ಸಾಲ್ಟ್. ಚದುರಿಹೋಗಿದ್ದ ತನ್ನ ಗಿರಣಿಗಳನ್ನು ಒಂದೇ ಸೂರಿನಡಿ ತರಲು ಅವನು ಊರಾಚೆ ಆರಿಸಿದ ಜಾಗಕ್ಕೆ ಒಂದು ಕಡೆ ರೈಲು, ಇನ್ನೊಂದು ಕಡೆ ಕಾಲುವೆ, ಅದರಾಚೆ ಏರ್ ನದಿ. ಕರುಣೆಯೂ ಲೆಕ್ಕಾಚಾರವೂ ಒಂದೇ ನಕ್ಷೆಯಲ್ಲಿ ಕೂತವು.

1853ರ ಸೆಪ್ಟೆಂಬರ್ 20, ಸಾಲ್ಟ್‌ಗೆ ಐವತ್ತು ತುಂಬಿದ ದಿನ, ಗಿರಣಿ ಬಾಗಿಲು ತೆರೆಯಿತು. ಉಣ್ಣೆ ಬಾಚುವ ಶೆಡ್ಡಿನಲ್ಲೇ ಸುಮಾರು 3,500 ಮಂದಿಗೆ ಔತಣ. ಆಮೇಲೆ ಗಿರಣಿಯ ಸುತ್ತ ಊರು ಬೆಳೆಯಿತು. 800ಕ್ಕೂ ಹೆಚ್ಚು ಕಲ್ಲಿನ ಮನೆಗಳು, ಶಾಲೆ, ಆಸ್ಪತ್ರೆ, ನಿರ್ಗತಿಕ ವೃದ್ಧರಿಗೆ ವಸತಿ, ಉದ್ಯಾನ. ಗಿರಣಿಯ ಎದುರಿಗೇ 1859ರ ದುಂಡುಗೋಪುರದ ಚರ್ಚು. ಬೀದಿಗಳಿಗೆ ಹೆಂಡತಿಮಕ್ಕಳ ಹೆಸರು.

ಆದರೆ ಆ ಬೀದಿಗಳಲ್ಲಿ ಯಜಮಾನನ ಕಣ್ಣೂ ಇತ್ತು. ಮೇಸ್ತ್ರಿಗೆ ದೊಡ್ಡ ಮನೆ, ಕೂಲಿಯವನಿಗೆ ಚಿಕ್ಕದು. ಮನೆಯ ಅಳತೆ ನೋಡಿದರೆ ಒಳಗಿರುವವನ ದರ್ಜೆ ತಿಳಿಯುತ್ತಿತ್ತು. ಬೀದಿಗಡ್ಡವಾಗಿ ಬಟ್ಟೆ ಒಣಹಾಕುವುದು ಸಾಲ್ಟ್‌ಗೆ ಸೇರದು, ಹಾಗಾಗಿ ಉಗಿಯಂತ್ರದ ಸಾರ್ವಜನಿಕ ಒಗೆಮನೆ ಕಟ್ಟಿಸಿದ. ಹೆಂಡದಂಗಡಿಗಂತೂ ಜಾಗವೇ ಇಲ್ಲ. ಕೆಲಸ ಕೊಟ್ಟವನೇ ಮನೆಯನ್ನೂ ಕೊಟ್ಟಾಗ ಅವನೊಂದಿಗೆ ಜಗಳವಾಡುವುದು ಸುಲಭವಲ್ಲ. ಹಾಗಿದ್ದೂ ಬ್ರಾಡ್‌ಫರ್ಡಿನ ಕೊಳೆಗೇರಿ ಕಂಡವರಿಗೆ ಕೊಳಾಯಿ ನೀರು, ಗ್ಯಾಸ್ ದೀಪ, ಹಿತ್ತಿಲಿನ ಈ ಮನೆ ಸಣ್ಣ ಸಂಗತಿಯಲ್ಲ. 1876ರಲ್ಲಿ ಸಾಲ್ಟ್ ತೀರಿಕೊಂಡಾಗ ಶವಯಾತ್ರೆಯ ದಾರಿಯಲ್ಲಿ ಜನಸಾಗರವೇ ನೆರೆಯಿತು.

ಫ್ಯಾಷನ್ ಬದಲಾಯಿತು, ಒಡೆತನ ಕೈಬದಲಾಯಿತು, ಕೊನೆಗೆ 1986ರಲ್ಲಿ ಗಿರಣಿಯ ಸದ್ದಡಗಿತು. ಮರುವರ್ಷ ಜೊನಾಥನ್ ಸಿಲ್ವರ್ ಎಂಬ ಉದ್ಯಮಿ ಅದನ್ನು ಕೊಂಡ. ಯಂತ್ರಗಳಿದ್ದ ನೆಲದ ಮೇಲೆ ಬ್ರಾಡ್‌ಫರ್ಡಿನಲ್ಲೇ ಹುಟ್ಟಿದ ಡೇವಿಡ್ ಹಾಕ್ನಿಯ ಚಿತ್ರಗಳ ಗ್ಯಾಲರಿ ಬಂತು. ಜೊತೆಗೆ ಪುಸ್ತಕದಂಗಡಿ, ಊಟದ ಮನೆ, ಕಚೇರಿಗಳು ಬಂದವು. 2001ರಲ್ಲಿ ಯುನೆಸ್ಕೊ ಇಡೀ ಸಾಲ್ಟೇರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಮರುಹುಟ್ಟಿಗೆ ಸಿಲ್ವರನ ಛಲವೊಂದೇ ಕಾರಣವಲ್ಲ. ನೂರಾರು ಯಂತ್ರಗಳ ಅದುರನ್ನು ಹೊರಲೆಂದು ಹಾಕಿದ ನೆಲಕ್ಕೆ ಪುಸ್ತಕದ ಕಪಾಟು ಭಾರವಲ್ಲ. ಬೆಂಕಿಗೆ ಹೆದರಿ ಇಟ್ಟ ಕಬ್ಬಿಣದ ಕಂಬಗಳು ಒಳಗೆ ಅಡ್ಡಗೋಡೆಗಳಿಲ್ಲದ ವಿಶಾಲ ಜಾಗ ಬಿಟ್ಟಿವೆ, ಅಲ್ಲಿ ಯಾವ ಕಸುಬಾದರೂ ಹೂಡಬಹುದು. ಇಟಲಿಯ ವೇಷ ಜನರ ಕಣ್ಣು ಸೆಳೆದಿರಬಹುದು, ಆದರೆ ಗಿರಣಿಯನ್ನು ಈವರೆಗೆ ಉಳಿಸಿದ್ದು ಫೇರ್‌ಬೇರ್ನನ ಎಲುಬು.