ತೂಕ ಇಳಿಕೆಯ ನಂತರದ ಜೋಲುಚರ್ಮ

ದೇಹದ ತೂಕ ಹೆಚ್ಚಿನ ಪ್ರಮಾಣದಲ್ಲಿ ಇಳಿದ ಮೇಲೆ ಕುಗ್ಗದೆ ಮಡಿಕೆಗಳಾಗಿ ಉಳಿಯುವ ಚರ್ಮವನ್ನು ಜೋಲುಚರ್ಮ ಎನ್ನಬಹುದು. ಇದು ಹೊಟ್ಟೆ, ತೋಳು, ತೊಡೆ ಮತ್ತು ಎದೆಯ ಭಾಗಗಳಲ್ಲಿ ಎದ್ದು ಕಾಣುತ್ತದೆ. ಬೊಜ್ಜು ನಿವಾರಣೆಯ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಇದು ಸಾಮಾನ್ಯ.

ಕಾರಣಗಳು

ಚರ್ಮದ ಒಳಪದರದ ಕೊಲಾಜನ್ ನಾರುಗಳು ಬಲವನ್ನೂ ಎಲಾಸ್ಟಿನ್ ನಾರುಗಳು ಹಿಗ್ಗಿ ಕುಗ್ಗುವ ಗುಣವನ್ನೂ ನೀಡುತ್ತವೆ. ಹಲವು ವರ್ಷ ಹಿಗ್ಗಿದ ಚರ್ಮದಲ್ಲಿ ಈ ನಾರುಗಳು ಹಾನಿಗೊಳ್ಳುತ್ತವೆ. ಆದ್ದರಿಂದ ಕೊಬ್ಬು ಕರಗಿದರೂ ಚರ್ಮವು ಮೊದಲಿನ ಅಳತೆಗೆ ಮರಳುವುದಿಲ್ಲ. ವಯಸ್ಸು, ಇಳಿದ ತೂಕದ ಪ್ರಮಾಣ, ಧೂಮಪಾನ, ಬಿಸಿಲು ಮತ್ತು ಆನುವಂಶಿಕತೆ ಇದರ ಮೇಲೆ ಪ್ರಭಾವ ಬೀರುತ್ತವೆ. ವ್ಯಾಯಾಮದ ಕೊರತೆ ಇದರ ಮೂಲಕಾರಣವಲ್ಲ.

ತೊಂದರೆಗಳು

ಮಡಿಕೆಗಳಲ್ಲಿ ಬೆವರು ನಿಂತು, ಚರ್ಮಕ್ಕೆ ಚರ್ಮ ಉಜ್ಜಿ, ಉರಿ, ದುರ್ವಾಸನೆ ಹಾಗೂ ಶಿಲೀಂಧ್ರ ಸೋಂಕು ಉಂಟಾಗುತ್ತವೆ. ಭಟ್ಕಳ, ಹೊನ್ನಾವರ, ಕುಮಟಾದಂತಹ ಕರಾವಳಿ ಊರುಗಳ ಸೆಕೆ ಮತ್ತು ತೇವದ ಹವೆಯಲ್ಲಿ ಇವು ಉಲ್ಬಣಿಸುವ ಸಂಭವವಿದೆ. ನಡಿಗೆಗೆ ಅಡ್ಡಿ, ಸಂಕೋಚ ಮತ್ತು ಮನೋವೇದನೆಯೂ ಉಂಟಾಗಬಹುದು.

ಆರೈಕೆ ಮತ್ತು ಚಿಕಿತ್ಸೆ

ಮಡಿಕೆಗಳನ್ನು ತೊಳೆದು, ಒರೆಸಿ, ಒಣಗಿಸಿಟ್ಟುಕೊಳ್ಳುವುದು ಮುಖ್ಯ. ಸ್ನಾಯು ಬೆಳೆಸುವ ವ್ಯಾಯಾಮದಿಂದ ಅಲ್ಪ ಜೋಲು ಮರೆಯಾಗಬಹುದು. ಹೆಚ್ಚುವರಿ ಚರ್ಮವನ್ನು ಲೇಪನಗಳು ಕುಗ್ಗಿಸಲಾರವು. ಲೈಪೊಸಕ್ಷನ್ ತೆಗೆಯುವುದು ಕೊಬ್ಬನ್ನೇ ಹೊರತು ಚರ್ಮವನ್ನಲ್ಲ. ತೀವ್ರ ಸಂದರ್ಭಗಳಲ್ಲಿ ಪ್ಲಾಸ್ಟಿಕ್ ಶಸ್ತ್ರವೈದ್ಯರು ಚರ್ಮವನ್ನು ಕತ್ತರಿಸಿ ಹೊಲಿಯುತ್ತಾರೆ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾದವರು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾದು, ತೂಕ ಸ್ಥಿರವಾದ ಮೇಲೆ ಇದಕ್ಕೆ ಒಳಗಾಗುತ್ತಾರೆ. ಉದ್ದನೆಯ ಕಲೆ, ರಕ್ತಸ್ರಾವ, ಸೋಂಕು, ಗಾಯ ತಡವಾಗಿ ಮಾಯುವುದು ಹಾಗೂ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಇದರ ಅಪಾಯಗಳು. ಧೂಮಪಾನ ಮತ್ತು ಪ್ರೋಟೀನ್ ಕೊರತೆ ಗಾಯ ಮಾಯುವುದನ್ನು ನಿಧಾನಗೊಳಿಸುತ್ತವೆ.