ಸುಣ್ಣದ ಗೂಡಿನ ಹೊಗೆ

ಕಲ್ಲನ್ನು ಸುಟ್ಟು ಸುಣ್ಣ ಮಾಡುವ ವಿದ್ಯೆ ನಮ್ಮವರಿಗೆ ಹೊಸದಲ್ಲ. 100 ಮಣ ಶುದ್ಧ ಸುಣ್ಣಕಲ್ಲನ್ನು ಗೂಡಿನಲ್ಲಿಟ್ಟು ಸುಟ್ಟರೆ ಕೊನೆಗೆ ಕೈಗೆ ಬರುವುದು 56 ಮಣ ಸುಣ್ಣ. ಮಿಕ್ಕ 44 ಮಣ ಇಂಗಾಲಾಮ್ಲ ವಾಯುವಾಗಿ, ಎಂದರೆ ಕಾರ್ಬನ್ ಡೈಆಕ್ಸೈಡ್ ಆಗಿ, ಆಕಾಶವನ್ನು ಸೇರುತ್ತದೆ. ಅದೇ ಸುಣ್ಣವನ್ನು ನೀರಿನಲ್ಲಿ ಕಲಸಿ ಗೋಡೆಗೆ ಬಳಿದರೆ, ಕಳೆದುಕೊಂಡ ವಾಯುವನ್ನು ಅದು ಗಾಳಿಯಿಂದ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಒಮ್ಮೆ ಹೀಗೆ ಹಿಡಿದುದನ್ನು ಬಿಡಿಸಬೇಕಾದರೆ ಪುನಃ ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು.

ಇಂದಿನ ಸಿಮೆಂಟ್ ಕಾರ್ಖಾನೆ ಆ ಹಳೆಯ ಗೂಡಿನ ವಂಶಕ್ಕೇ ಸೇರಿದುದು. ಅದರ ಚಿಮಣಿಯಿಂದ ಹೊರಡುವ ಇಂಗಾಲಾಮ್ಲದಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಹುಟ್ಟುವುದು ಕಲ್ಲಿನಿಂದಲೇ ಹೊರತು ಉರುವಲಿನಿಂದಲ್ಲ. ಕಲ್ಲಿದ್ದಲನ್ನು ಬಿಟ್ಟು ಬೇರಾವ ಬೆಂಕಿಯನ್ನು ಹೊತ್ತಿಸಿದರೂ ಆ ಪಾಲು ತಪ್ಪದು. ಭೂಮಿಯ ಕಾವು ಏರುತ್ತಿರುವ ಈ ಕಾಲದಲ್ಲಿ ಅದನ್ನು ಚಿಮಣಿಯಲ್ಲೇ ತಡೆಯಬೇಕೆಂಬ ಯೋಚನೆ ಮೂಡಿದುದು ಸಹಜ.

ತಡೆಯುವುದಕ್ಕೆ ಸುಣ್ಣದಂತಹ ಬಿಗಿಮುಷ್ಟಿ ಸಲ್ಲದು. ತಂಪಿನಲ್ಲಿ ಹಿಡಿದು, ಮಿತವಾದ ಕಾವಿಗೆ ಬಿಟ್ಟುಕೊಡುವ ವಸ್ತು ಬೇಕು. ಅಮೋನಿಯದ ಬಂಧುಗಳಾದ ಅಮೀನುಗಳಿಗೆ ಈ ಗುಣವುಂಟು. ಅವನ್ನು ಬಳಸುವ ವಿಧಾನಕ್ಕೆ ಅಮೆರಿಕದ ರಾಬರ್ಟ್ ಬಾಟಮ್ಸ್ 1930ರಲ್ಲೇ ಪೇಟೆಂಟ್ ಪಡೆದಿದ್ದನು. ಎತ್ತರದ ಗೋಪುರವೊಂದರಲ್ಲಿ ಅಮೀನಿನ ದ್ರಾವಣ ಮೇಲಿನಿಂದ ಇಳಿಯುತ್ತದೆ. ತಣಿಸಿದ ಹೊಗೆ ಕೆಳಗಿನಿಂದ ಏರುತ್ತದೆ. ಸುಮಾರು 40 ಡಿಗ್ರಿಯಲ್ಲಿ ದ್ರಾವಣವು ಇಂಗಾಲಾಮ್ಲವನ್ನು ಹೀರಿಕೊಂಡು ಸಾರಜನಕವನ್ನು ಹೋಗಗೊಡುತ್ತದೆ. ಇನ್ನೊಂದು ಗೋಪುರದಲ್ಲಿ ಅದನ್ನು ಸುಮಾರು 120 ಡಿಗ್ರಿಗೆ ಕಾಯಿಸಿದರೆ, ಹಿಡಿದುದರ ಬಹುಭಾಗವನ್ನು ಬಿಟ್ಟುಕೊಟ್ಟು ಮತ್ತೆ ಮೊದಲಿನ ಕೆಲಸಕ್ಕೆ ಮರಳುತ್ತದೆ.

ತೊಡಕು ಇರುವುದು ಈ ಬಿಡುಗಡೆಯಲ್ಲಿ. ಹಳೆಯ ಬಗೆಯ ಅಮೀನಿನಿಂದ ಒಂದು ಟನ್ ಇಂಗಾಲಾಮ್ಲವನ್ನು ಬಿಡಿಸಲು, ಸುಮಾರು 150 ಕಿಲೋಗ್ರಾಂ ಒಳ್ಳೆಯ ಕಲ್ಲಿದ್ದಲು ಉರಿದಾಗ ಬರುವಷ್ಟು ಶಾಖ ಬೇಕು. ಅದಕ್ಕೆಂದು ಹೊಸ ಬೆಂಕಿ ಹಚ್ಚಿದರೆ ಹೊಸ ಹೊಗೆ ಏಳುತ್ತದೆ. ಸಾಲದುದಕ್ಕೆ, ಹೊಗೆಯಲ್ಲಿರುವ ಆಮ್ಲಜನಕ ತಗುಲಿ ದ್ರಾವಣವೂ ಕ್ರಮೇಣ ಕೆಡುತ್ತದೆ.

ನಾರ್ವೆ ದೇಶದ ಬ್ರೆವಿಕ್ ಎಂಬಲ್ಲಿಯ ಸಿಮೆಂಟ್ ಕಾರ್ಖಾನೆಯವರು ಈ ತೊಡಕಿಗೆ ಒಂದು ದಾರಿ ಕಂಡುಕೊಂಡರು. 2025ರ ಜೂನ್ ತಿಂಗಳಲ್ಲಿ ಅಲ್ಲಿ ಉದ್ಘಾಟನೆಗೊಂಡ ಸ್ಥಾವರವು, ಕಾರ್ಖಾನೆಯಲ್ಲಿ ವ್ಯರ್ಥವಾಗುತ್ತಿದ್ದ ಶಾಖವನ್ನೇ ಬಿಡುಗಡೆಯ ಕೆಲಸಕ್ಕೆ ಬಳಸುತ್ತದೆ. ಆ ಶಾಖದ ಅಳತೆಗೆ ತಕ್ಕಂತೆಯೇ ಸ್ಥಾವರವನ್ನೂ ಕಟ್ಟಿದ್ದಾರೆ: ವರ್ಷಕ್ಕೆ 4 ಲಕ್ಷ ಟನ್, ಎಂದರೆ ಅಲ್ಲಿ ಹೊರಡುವ ಇಂಗಾಲಾಮ್ಲದ ಸುಮಾರು ಅರ್ಧ. ಹಿಡಿದ ವಾಯುವನ್ನು ದ್ರವವಾಗಿಸಿ, ಹಡಗಿನಲ್ಲಿ ಪಶ್ಚಿಮ ತೀರಕ್ಕೆ ಸಾಗಿಸಿ, ಅಲ್ಲಿಂದ ಕೊಳವೆಯ ಮೂಲಕ ಸಮುದ್ರತಳದಿಂದ 2600 ಮೀಟರ್ ಆಳದ ಶಿಲಾಸ್ತರಗಳಿಗೆ ಇಳಿಸುತ್ತಾರೆ.

ನಮ್ಮ ಕಲಬುರಗಿ ಜಿಲ್ಲೆಯ ವಾಡಿ, ಸೇಡಂಗಳಲ್ಲಿ ಸಿಮೆಂಟಾಗುವ ಸುಣ್ಣಕಲ್ಲಿಗೂ ಅನ್ವಯಿಸುವುದು ಇದೇ ರಸಾಯನ ಧರ್ಮ. ಚಕ್ರವ್ಯೂಹವನ್ನು ಹೊಗಲು ಬಲ್ಲ ಅಭಿಮನ್ಯುವಿಗೆ ಹೊರಬರುವ ದಾರಿ ತಿಳಿದಿರಲಿಲ್ಲ. ಹೊಗೆಯನ್ನು ಹಿಡಿಯಹೊರಡುವವರು, ಬಿಡಿಸುವ ಶಾಖ ಎಲ್ಲಿಂದ ಬಂದೀತು, ಬಿಟ್ಟುದು ಎಲ್ಲಿ ನೆಲಸೀತು ಎಂಬುದನ್ನು ಮೊದಲೇ ಅರಿತಿರುವುದು ಲೇಸು.