ಗೆಣಸಿನ ಹಾರ್ಮೋನು: ನಂಬಿಕೆ ಎಷ್ಟು, ನಿಜ ಎಷ್ಟು

ಸ್ಯಾನ್ ಹೋಸೆಯಿಂದ 101ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಮಾರ್ಗನ್ ಹಿಲ್ ಸಿಗುತ್ತದೆ. ತೊಂಬತ್ತರ ದಶಕದ ಕೊನೆಗೆ ಸಾಫ್ಟ್‌ವೇರ್ ಕೆಲಸದ ಬೆನ್ನುಹತ್ತಿ ಬೇ ಏರಿಯಾಕ್ಕೆ ಬಂದು ಇಂಥ ಊರುಗಳಲ್ಲಿ ನೆಲೆಸಿದ ಕನ್ನಡದ ಹೆಣ್ಣುಮಕ್ಕಳಿಗೆ ಈಗ ಐವತ್ತರ ಆಸುಪಾಸು. ರಾತ್ರಿ ಬೆವರಿ ಎದ್ದು ಕೂರುವುದು, ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಸಿಡುಕುವುದು ಈ ವಯಸ್ಸಿನ ಪಾಡು. ಆಗ ಗೆಳತಿಯರ ಬಾಯಿಂದ ಬರುವ ಸಲಹೆ ಹೆಚ್ಚುಕಡಿಮೆ ಒಂದೇ: "ಡಾಕ್ಟರು ಕೊಡೋ ಹಾರ್ಮೋನು ಬೇಡ, ಕ್ಯಾನ್ಸರ್ ಬರುತ್ತೆ. ನ್ಯಾಚುರಲ್ ಪ್ರೊಜೆಸ್ಟರಾನ್ ಕ್ರೀಮ್ ಹಚ್ಕೋ, ಗೆಣಸಿಂದ ಮಾಡಿದ್ದು, ಏನೂ ಆಗಲ್ಲ." ಈ ಮಾತಿನಲ್ಲಿ ಒಂದಿಷ್ಟು ನಿಜವಿದೆ. ಅದಕ್ಕೇ ಇಷ್ಟು ಬೇಗ ಹಬ್ಬುತ್ತದೆ.

ಮೊದಲು ಗೆಣಸಿನ ವಿಷಯ. 1940ರ ದಶಕದ ಆರಂಭದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞ ಮೆಕ್ಸಿಕೋದ ಕಾಡುಗೆಣಸಿನಲ್ಲಿದ್ದ ಡಯೋಸ್ಜೆನಿನ್ ಎಂಬ ವಸ್ತುವನ್ನು ಪ್ರೊಜೆಸ್ಟರಾನ್ ಆಗಿ ಬದಲಿಸಿದ. 1944ರಲ್ಲಿ ಸಿಂಟೆಕ್ಸ್ ಕಂಪನಿ ಹುಟ್ಟಿದ್ದು ಇದೇ ವಿದ್ಯೆಯ ಮೇಲೆ. ಮುಂದೆ ಅದು ನೆಲೆಯೂರಿದ್ದು ಪಾಲೊ ಆಲ್ಟೊದಲ್ಲಿ, ಮಾರ್ಗನ್ ಹಿಲ್‌ನಿಂದ ಒಂದು ಗಂಟೆಯ ದಾರಿ. ಆದರೆ ಆ ಬದಲಾವಣೆ ನಡೆಯುವುದು ಪ್ರಯೋಗಾಲಯದ ಪಾತ್ರೆಯಲ್ಲಿ, ಹಲವು ರಾಸಾಯನಿಕ ಹಂತಗಳಲ್ಲಿ. ನಮ್ಮ ದೇಹಕ್ಕೆ ಆ ಕೆಲಸ ಬಾರದು. ಕಾಡುಗೆಣಸಿನ ಸಾರವಷ್ಟೇ ಇರುವ ಕ್ರೀಮನ್ನು ವರ್ಷಗಟ್ಟಲೆ ಹಚ್ಚಿದರೂ ಮೈಯಲ್ಲಿ ಒಂದು ಹನಿ ಪ್ರೊಜೆಸ್ಟರಾನ್ ಹುಟ್ಟುವುದಿಲ್ಲ. ಗೆಣಸು ತಿಂದರೂ ಅಷ್ಟೇ.

ಹಾಗಾದರೆ "ನ್ಯಾಚುರಲ್" ಎಂದರೇನು? ಅಂಡಾಶಯ ತಯಾರಿಸುವ ಅಣುವಿಗೂ ಈ ಔಷಧದ ಅಣುವಿಗೂ ವ್ಯತ್ಯಾಸವಿಲ್ಲ ಎಂದರ್ಥ, ಅಷ್ಟೇ. ಎಲ್ಲಿಂದ ಬಂತು ಎಂಬುದನ್ನೇ ನೋಡುವುದಾದರೆ, ಎಲ್ಲರೂ ಹೆದರುವ ಪ್ರೆಮರಿನ್ ಎಂಬ ಈಸ್ಟ್ರೋಜೆನ್ ಮಾತ್ರೆಯೂ ಶುದ್ಧ ಪ್ರಾಕೃತಿಕವೇ. ಅದನ್ನು ತೆಗೆಯುವುದು ಗಬ್ಬದ ಕುದುರೆಯ ಮೂತ್ರದಿಂದ.

ಕ್ಯಾನ್ಸರ್ ಭಯದ ಮೂಲ 2002ರ ಜುಲೈನಲ್ಲಿದೆ. ವುಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಮೆರಿಕದ ದೊಡ್ಡ ಅಧ್ಯಯನದ ಒಂದು ಭಾಗವನ್ನು ಆಗ ಅರ್ಧಕ್ಕೇ ನಿಲ್ಲಿಸಿದರು. ಅದರಲ್ಲಿದ್ದವರು 16,608 ಮಹಿಳೆಯರು, ಸರಾಸರಿ ವಯಸ್ಸು 63. ಅವರಲ್ಲಿ ಔಷಧದ ಗುಂಪಿನವರು ತೆಗೆದುಕೊಂಡದ್ದು ಕುದುರೆಯ ಈಸ್ಟ್ರೋಜೆನ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ಹಾರ್ಮೋನು. ಹತ್ತು ಸಾವಿರ ಮಹಿಳೆಯರಿಗೆ ವರ್ಷಕ್ಕೆ ಸುಮಾರು ಎಂಟು ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡವು. ಪತ್ರಿಕೆಗಳ ತಲೆಬರಹದಲ್ಲಿ ಈ ವಯಸ್ಸೂ ಉಳಿಯಲಿಲ್ಲ, ಔಷಧದ ಹೆಸರೂ ಉಳಿಯಲಿಲ್ಲ. ಹಾರ್ಮೋನು ಎಂದರೆ ಕ್ಯಾನ್ಸರ್ ಎಂಬುದೊಂದೇ ಉಳಿಯಿತು. ಅರವತ್ತರೊಳಗೆ, ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡುವ, ಬೇರೆ ತೊಡಕಿಲ್ಲದ ಮಹಿಳೆಯರಲ್ಲಿ ಸಾಮಾನ್ಯವಾಗಿ ಲಾಭವೇ ಹೆಚ್ಚು ಎಂಬುದು ಇಂದಿನ ತಜ್ಞರ ನಿಲುವು.

ಆ ಅಧ್ಯಯನದಲ್ಲಿ ನ್ಯಾಚುರಲ್ ಪ್ರೊಜೆಸ್ಟರಾನ್ ಇರಲೇ ಇಲ್ಲ. ಅದನ್ನು ಬಳಸಿದವರಲ್ಲಿ ಮೊದಲ ಕೆಲವು ವರ್ಷ ಸ್ತನ ಕ್ಯಾನ್ಸರ್ ಅಪಾಯ ಕೃತಕ ಹಾರ್ಮೋನು ಬಳಸಿದವರಿಗಿಂತ ಕಡಿಮೆ ಎಂದು ಫ್ರಾನ್ಸಿನ ಇ3ಎನ್ ಅಧ್ಯಯನ ಸೂಚಿಸಿತು. ಆದರೆ ಅದು ಗಮನಿಸಿ ಬರೆದುಕೊಂಡ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಹಾಗಾಗಿ "ಏನೂ ಆಗಲ್ಲ" ಎನ್ನುವ ಧೈರ್ಯ ಅದರಿಂದ ಬಾರದು.

ನಿಜವಾಗಿ ಪ್ರೊಜೆಸ್ಟರಾನ್ ಇರುವ ಕ್ರೀಮಿನ ಕತೆಯೂ ಬೇ ಏರಿಯಾದ್ದೇ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮಿಲ್ ವ್ಯಾಲಿಯಲ್ಲಿ ವೈದ್ಯರಾಗಿದ್ದ ಜಾನ್ ಲೀ, ಋತುಬಂಧದ ಬಗ್ಗೆ 1996ರಲ್ಲಿ ತಂದ ಪುಸ್ತಕದಿಂದ ಇದನ್ನು ಮನೆಮಾತಾಗಿಸಿದರು. ಮೂಳೆ ಗಟ್ಟಿಯಾಗುತ್ತದೆ ಎಂಬುದು ಅವರ ದೊಡ್ಡ ವಾದ. 1999ರ ಅಮೆರಿಕದ ಪ್ರಯೋಗದಲ್ಲಿ ಕ್ರೀಮಿನಿಂದ ಮೈ ಝಳ ತಗ್ಗಿತು, ಮೂಳೆಗೆ ಏನೂ ಆಗಲಿಲ್ಲ. 2003ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಝಳವೂ ತಗ್ಗಲಿಲ್ಲ. ಕ್ರೀಮ್ ಉಪಯೋಗವಿಲ್ಲದ್ದು ಎಂದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ, ದುಡ್ಡು ಹೋಯಿತು ಎಂದು ಬಿಡಬಹುದಿತ್ತು. ಅಪಾಯ ಬೇರೆ ಕಡೆ ಇದೆ. ಈಸ್ಟ್ರೋಜೆನ್ ಗರ್ಭಕೋಶದ ಒಳಪೊರೆಯನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಅದಕ್ಕೆ ಕಡಿವಾಣ ಹಾಕುತ್ತದೆ. ಈಸ್ಟ್ರೋಜೆನ್ ಪಟ್ಟಿ ಅಂಟಿಸಿಕೊಂಡು, ಕಡಿವಾಣಕ್ಕೆ ಕ್ರೀಮನ್ನು ನಂಬಿದರೆ ಒಳಪೊರೆ ಬೆಳೆಯುತ್ತಲೇ ಹೋಗಬಹುದು, ಕ್ಯಾನ್ಸರ್‌ಗೂ ತಿರುಗಬಹುದು. ಚರ್ಮದ ಮೂಲಕ ಆ ಕೆಲಸಕ್ಕೆ ಸಾಕಾಗುವಷ್ಟು ಹಾರ್ಮೋನು ಒಳಗೆ ಹೋಗುತ್ತದೆಂಬ ಖಾತ್ರಿಯಿಲ್ಲ.

ಖಾತ್ರಿಯಿರುವುದು ಮಾತ್ರೆಗೆ. 1998ರಲ್ಲಿ ಅಮೆರಿಕದಲ್ಲಿ ಪ್ರೊಮೆಟ್ರಿಯಮ್‌ಗೆ ಒಪ್ಪಿಗೆ ಸಿಕ್ಕಿತು. ಅದು ನ್ಯಾಚುರಲ್ ಪ್ರೊಜೆಸ್ಟರಾನೇ, ಕರಗಲೆಂದು ನುಣ್ಣಗೆ ಪುಡಿ ಮಾಡಿದ್ದು. ಅಂದರೆ ಕ್ರೀಮ್ ಮಾರುವವರು ಹೊಗಳುವ ಅಣುವೇ ಡಾಕ್ಟರ ಚೀಟಿಯಲ್ಲೂ ಇದೆ, ಅಳತೆ ಗೊತ್ತಿರುವ ರೂಪದಲ್ಲಿ. ಮಲಗುವ ಮುಂಚೆ ತೆಗೆದುಕೊಳ್ಳಿ ಎನ್ನುವುದು ಅದು ತೂಕಡಿಕೆ ತರುವುದರಿಂದ. ನಿದ್ದೆಗೆಟ್ಟವರಿಗೆ ಅದೇ ವರ. ಕ್ಯಾಪ್ಸೂಲಿನೊಳಗೆ ಕಡಲೆಕಾಯಿ ಎಣ್ಣೆ ಇದೆ, ಅಲರ್ಜಿ ಇದ್ದವರಿಗೆ ಆಗದು. ಹೊರಕವಚ ಜೆಲಾಟಿನ್; ಶುದ್ಧ ಸಸ್ಯಾಹಾರಿಗಳು ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಊರಲ್ಲೇ ಗರ್ಭಕೋಶ ತೆಗೆಸಿಕೊಂಡು ಬಂದವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಬೇಕಾಗಿಯೇ ಇಲ್ಲ.

ಮುಟ್ಟಿನ ಮುಂಚಿನ ಸಂಕಟಕ್ಕೂ ಇದೇ ಮದ್ದು ಎಂಬುದು ಇನ್ನೊಂದು ನಂಬಿಕೆ. ಪ್ರೊಜೆಸ್ಟರಾನ್ ಕಡಿಮೆಯಾಗಿಯೇ ಸಿಡುಕು, ಅಳು ಬರುತ್ತದೆ ಎಂದು ಬ್ರಿಟನ್ನಿನ ಕ್ಯಾಥರೀನಾ ಡಾಲ್ಟನ್ 1950ರ ದಶಕದಿಂದ ಹೇಳುತ್ತ ಬಂದರು. ಕೇಳಲು ಸರಿಯೆನಿಸುತ್ತದೆ. ಆದರೆ 1990 ಮತ್ತು 1995ರ ಪ್ರಯೋಗಗಳಲ್ಲಿ ಪ್ರೊಜೆಸ್ಟರಾನ್ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. 1998ರ ಇನ್ನೊಂದು ಪ್ರಯೋಗ ನನಗೆ ಬಹಳ ಸ್ವಾರಸ್ಯದ್ದು. ಈ ಸಂಕಟವಿದ್ದ ಮಹಿಳೆಯರ ಅಂಡಾಶಯವನ್ನು ಔಷಧದಿಂದ ತಾತ್ಕಾಲಿಕವಾಗಿ ಸುಮ್ಮನಾಗಿಸಿದಾಗ ಹಲವರಲ್ಲಿ ಲಕ್ಷಣಗಳು ಅಡಗಿದವು. ಆಮೇಲೆ ಹಾರ್ಮೋನನ್ನು ಸಹಜ ಮಟ್ಟದಲ್ಲೇ ಹೊರಗಿನಿಂದ ಕೊಟ್ಟರು. ಸಂಕಟ ಮರಳಿ ಬಂತು, ಈಸ್ಟ್ರೋಜೆನ್ ಕೊಟ್ಟರೂ, ಪ್ರೊಜೆಸ್ಟರಾನ್ ಕೊಟ್ಟರೂ. ಸಂಕಟವಿಲ್ಲದ ಮಹಿಳೆಯರಿಗೆ ಅದೇ ಹಾರ್ಮೋನು ಕೊಟ್ಟಾಗ ಏನೂ ಆಗಲಿಲ್ಲ. ಕೊರತೆ ಹಾರ್ಮೋನಿನದಲ್ಲ, ಸಹಜ ಏರಿಳಿತಕ್ಕೆ ಕೆಲವರ ಮೆದುಳು ಹೆಚ್ಚು ಮಿಡಿಯುತ್ತದೆ. ಅಂಥವರಿಗೆ ಇನ್ನಷ್ಟು ಪ್ರೊಜೆಸ್ಟರಾನ್ ಕೊಟ್ಟರೆ ಸಿಡುಕು ಹೆಚ್ಚಾಗಲೂಬಹುದು. ತೀವ್ರವಾಗಿದ್ದರೆ ಕೆಲಸ ಮಾಡುವುದು ಸೆರೊಟೋನಿನ್ ಮೇಲೆ ಪ್ರಭಾವ ಬೀರುವ ಮಾತ್ರೆಗಳು. ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಂಡರೂ ಹಲವರಿಗೆ ಸಾಕು. ಅದು "ತಲೆ ಕೆಟ್ಟವರ ಮಾತ್ರೆ" ಎಂಬ ಸಂಕೋಚದಿಂದ ನಮ್ಮ ಹೆಂಗಸರು ಅನುಭವಿಸುವ ನೋವು ಅನಗತ್ಯ.

ಊರಿಂದ ಬರುವ ಸೂಟ್‌ಕೇಸಿನ ಬಗ್ಗೆ ಒಂದು ಮಾತು. ವ್ರತಕ್ಕೆ, ಮದುವೆಗೆ ಮುಟ್ಟು ಮುಂದೂಡುವ ಮಾತ್ರೆಯನ್ನು "ಅದೂ ಪ್ರೊಜೆಸ್ಟರಾನೇ ಅಲ್ವಾ" ಎಂದು ಋತುಬಂಧದ ತೊಂದರೆಗೂ ನುಂಗುವವರಿದ್ದಾರೆ. ಅದು ನಾರ್‌ಎಥಿಸ್ಟರಾನ್, 1951ರಲ್ಲಿ ಸಿಂಟೆಕ್ಸ್ ತಯಾರಿಸಿದ ಕೃತಕ ಹಾರ್ಮೋನು. ಆ ಪ್ರಮಾಣದಲ್ಲಿ ಅದರ ಒಂದಂಶ ದೇಹದಲ್ಲಿ ಈಸ್ಟ್ರೋಜೆನ್ ಆಗುತ್ತದೆ; ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಇರುವವರಿಗೆ ಅಪಾಯಕಾರಿ. ಊರಿಂದ ಬರುವ ಇನ್ನೊಂದು ಮಾತ್ರೆ ಡಫಾಸ್ಟನ್ ಕೂಡ ಕೃತಕವೇ, ಅಮೆರಿಕದಲ್ಲಿ ಮಾರಾಟದಲ್ಲಿಲ್ಲ. ಇಲ್ಲಿನ ವೈದ್ಯರಿಗೆ ಈ ಹೆಸರುಗಳು ಪರಿಚಯವಿರದಿದ್ದರೆ ಡಬ್ಬಿಯನ್ನೇ ಒಯ್ದು ತೋರಿಸಿ.

ಹಾರ್ಮೋನೇ ಬೇಡದವರಿಗೆ, ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಬೇರೆ ದಾರಿಗಳಿವೆ. ಅವನ್ನು ಕೇಳಿ ತಿಳಿಯಿರಿ. ಕ್ರೀಮ್ ಹಚ್ಚುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಮನೆಮದ್ದಿನಲ್ಲಿ ದಿನ ದೂಡದೆ ಆ ವಾರವೇ ಪರೀಕ್ಷೆ ಮಾಡಿಸಿಕೊಳ್ಳಿ.